ಮೇರ್ ಆಫ್ ಈಸ್ಟ್‌ಟೌನ್: ಮೂರನೇ ಸಲ ನೋಡಿದ ಮೇಲೆ

ಅಮೆರಿಕದ ಈ ಇಂಗ್ಲಿಷ್ ಸೀರಿಯಲ್ಲನ್ನು ಮೊದಲು ನೋಡಿದ್ದು 2021ರ ಲಾಕ್‌ಡೌನಿನಲ್ಲಿ. ಈ ಮಳೆಗಾಲದಲ್ಲಿ ಮೂರನೇ ಸಲ ಮುಗಿಸಿದೆ. ಇರುವುದು 7 ಕಂತು. ಒಂದು ಕೊಲೆ, ಅದರ ಬೆನ್ನು ಹಿಡಿದ ಪೊಲೀಸ್ ಹೆಂಗಸು ಮೇರ್. ಕೊಲೆ ಮಾಡಿದ್ದು ಯಾರು ಅಂತ ಗೊತ್ತಿದ್ದೂ ಮತ್ತೆ ಮತ್ತೆ ನೋಡುವುದಕ್ಕೆ ನನಗಿರುವ ಕಾರಣ ಒಂದೇ. ಅವಳು ನೀರಿಗೆ ‘ವುಡರ್’ ಅನ್ನುತ್ತಾಳೆ.

ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ಡೆಲವೇರ್ ಕೌಂಟಿಯವರ ಇಂಗ್ಲಿಷ್ ಹಾಗೆ. ಮೇರ್ ಪಾತ್ರ ಮಾಡಿದ ಕೇಟ್ ವಿನ್ಸ್ಲೆಟ್ ಇಂಗ್ಲೆಂಡಿನವರು. ಆದರೂ ಆ ಉಚ್ಚಾರ ಕಲಿತು ಆಡಿದ್ದಾರೆ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಯಾರೇ ಬಂದರೂ ಅಮ್ಮ ಮೊದಲು ಕೇಳುವುದು ‘ಆಸರಿಂಗೆ ಎಂತ ಬೇಕು?’ ಅಂತ. ಕುಡಿಯಲಿಕ್ಕೆ ಏನು ಬೇಕು ಅಂತ ಅರ್ಥ. ಬೆಂಗಳೂರಿನಲ್ಲಿ ಬೆಳೆದ ಅಣ್ಣನ ಮಗಳು ಅದನ್ನು ಕೇಳಿ ನನ್ನ ಮುಖ ನೋಡಿದ್ದಳು. ಕನ್ನಡದ ಧಾರಾವಾಹಿಗಳಲ್ಲಿ ನಮ್ಮ ಕಾಸರಗೋಡಿನ ಮಾತಾಡುವ ಒಬ್ಬ ಅಜ್ಜಿಯೂ ನನಗೆ ಸಿಕ್ಕಿಲ್ಲ. ಕರಾವಳಿಯವರು ಅಂತ ತೋರಿಸಬೇಕಾದರೆ ಎರಡು ಸಲ ‘ಎಂಥ ಮಾರಾಯ್ರೆ’ ಹೇಳಿಸಿ ಬಿಟ್ಟುಬಿಡುತ್ತಾರೆ. ಹೊಟ್ಟೆ ಉರಿಯುತ್ತದೆ, ಅಲ್ವಾ?

ಸೀರಿಯಲ್ಲಿನ ಈಸ್ಟ್‌ಟೌನ್ ಸೊರಗಿದ ಊರು. 25 ವರ್ಷದ ಹಿಂದೆ ಶಾಲೆಯ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಮೇರ್ ಗೆಲ್ಲಿಸಿಕೊಟ್ಟದ್ದೇ ಅವರಿಗೆ ಇನ್ನೂ ದೊಡ್ಡ ಸುದ್ದಿ. ಪ್ರಾಯದ ಮಕ್ಕಳು ಡ್ರಗ್ಸ್ ಹಿಂದೆ ಬಿದ್ದಿದ್ದಾರೆ. ಬೇರೆಯಾದ ಗಂಡ ಇರುವುದು ಅವಳ ಹಿತ್ತಿಲಿನಾಚೆಯ ಮನೆಯಲ್ಲೇ, ಅವನು ಇನ್ನೊಂದು ಮದುವೆಗೆ ಹೊರಟಿದ್ದಾನೆ. ಚರ್ಚಿನ ಪಾದ್ರಿಯೂ ನೆಂಟ. ಹೀಗೆ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಬೇಕು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ರಾತ್ರಿ ಊಟ ಮುಗಿಸಿ ಇಬ್ಬರೂ ಅಡಿಕೆ ಸುಲಿಯಲು ಕೂರುತ್ತೇವೆ. ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಡುತ್ತೇನೆ. ಮಳೆಯ ಸದ್ದಿಗೆ ಅರ್ಧ ಮಾತು ಕೇಳುವುದಿಲ್ಲ, ಅಮ್ಮನಿಗೆ ಅದರಿಂದ ತೊಂದರೆಯೂ ಇಲ್ಲ. ಮೇರ್‌ಳ ತಾಯಿ ಹೆಲೆನ್ ಬಂದರೆ ಸಾಕು, ಅಮ್ಮನ ಕೈ ನಿಲ್ಲುತ್ತದೆ. ಜೀನ್ ಸ್ಮಾರ್ಟ್ ಆ ಪಾತ್ರ ಮಾಡಿದ್ದಾರೆ. ಹೆಲೆನ್ ಫ್ರೀಜರಿನಲ್ಲಿ ತರಕಾರಿಯ ಪ್ಯಾಕೆಟ್ಟಿನೊಳಗೆ ಐಸ್‌ಕ್ರೀಮ್ ಅಡಗಿಸಿಡುತ್ತಾಳೆ. ‘ಅದಕ್ಕೂ ಶುಗರ್ ಇಕ್ಕು’ ಅಂದರು ಅಮ್ಮ. ಅವಳಿಗೂ ಸಕ್ಕರೆ ಕಾಯಿಲೆ ಇರಬಹುದು ಅಂತ. ಆಮೇಲೆ ಆ ಭಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡರು.

ಇಷ್ಟು ಪ್ರೀತಿ ಇದ್ದರೂ ಐದನೇ ಕಂತಿನಿಂದಾಚೆಗೆ ಈ ಸಲ ಬೇಸರ ಬಂತು. ಇವನಿರಬಹುದು, ಅಲ್ಲ ಅವನಿರಬಹುದು ಅಂತ ಅನುಮಾನ ಹತ್ತಿಸುವುದು ಜಾಸ್ತಿಯಾಯಿತು. ಮೊದಲ ಸಲ ಅಲ್ಲೇ ಎದೆ ಹೊಡೆದುಕೊಂಡಿತ್ತು. ಈಗ ಆ ಹೊತ್ತನ್ನು ಅಡುಗೆಮನೆಯ ಮಾತಿಗೆ ಕೊಡಬಾರದಿತ್ತಾ ಅನಿಸುತ್ತದೆ. ಸಬ್‌ಟೈಟಲ್ ಮೇಲಂತೂ ನನಗೆ ನಿಜಕ್ಕೂ ಸಿಟ್ಟು. ಅವಳು ‘ವುಡರ್’ ಅಂದರೆ ಕೆಳಗೆ ‘ವಾಟರ್’ ಅಂತ ಬರುತ್ತದೆ. ಕಿವಿಗೆ ಬಿದ್ದ ಊರನ್ನು ಅಲ್ಲೇ ಒರೆಸಿ ಹಾಕಿದ ಹಾಗೆ. ಕನ್ನಡದ ಸಬ್‌ಟೈಟಲ್ ಅಂತೂ ಸಿಗಲೇ ಇಲ್ಲ.

ಖರ್ಚಿನ ಮಾತನ್ನೂ ಹೇಳಬೇಕು. ಎರಡನೇ ಸಲ ನೋಡೋಣ ಅನ್ನುವಾಗ ಇದು ಮೊದಲಿನ ಆ್ಯಪಿನಲ್ಲಿ ಇರಲಿಲ್ಲ. ಅಲ್ಲಿ ಇಡೀ ವರ್ಷಕ್ಕೆ ಕಟ್ಟಿದ್ದೆ. ಇನ್ನೊಂದಕ್ಕೆ ಮತ್ತೆ ದುಡ್ಡು ಕೊಡಬೇಕಾಯಿತು. ಅಡಿಕೆ ಮಾರಿದಾಗ ಮಾತ್ರ ಕೈಯಲ್ಲಿ ಹಣ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಕೊನೆಯ ಕಂತಿನಲ್ಲಿ ಮೇರ್‌ಳ ಗೆಳತಿ ಲೋರಿ ಅಡುಗೆಮನೆಯ ನೆಲದಲ್ಲಿ ಕುಸಿದು ಅಳುತ್ತಾಳೆ. ಮೇರ್ ಅವಳನ್ನು ಅಪ್ಪಿ ಹಿಡಿದು ಕೂರುತ್ತಾಳೆ. ಲೋರಿ ಆದ ಜೂಲಿಯಾನ್ ನಿಕೋಲ್ಸನ್‌ಗೆ, ವಿನ್ಸ್ಲೆಟ್‌ಗೆ ಇಬ್ಬರಿಗೂ 2021ರ ಎಮ್ಮಿ ಪ್ರಶಸ್ತಿ ಬಂತು. ಅಮ್ಮ ಅಡಿಕೆ ಬುಟ್ಟಿಯನ್ನು ಬದಿಗೆ ಸರಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ‘ಅದಕ್ಕೆ ಆಸರಿಂಗೆ ಎಂತಾರು ಕೊಡೆಕ್ಕಾತು’ ಅಂದರು.

ಬರುವ ತಿಂಗಳು ನನ್ನ ಪ್ಯಾಕ್ ಮುಗಿಯುತ್ತದೆ. ಮತ್ತೆ ಕಟ್ಟುತ್ತೇನೆ.