ಸೆಟ್‌ಟಾಪ್ ರೆಕಾರ್ಡರ್‌ನ ಹಾರ್ಡ್‌ಡಿಸ್ಕ್ ಕೈಕೊಟ್ಟಾಗ: ನಕಲೋ, ಹೊಸತೋ?

ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಟಿವಿ ರೆಕಾರ್ಡರ್‌ನೊಳಗೆ ಯಕ್ಷಗಾನ ಪ್ರಸಾರಗಳನ್ನು ತುಂಬಿಟ್ಟವರಿಗೆ, ಚಿತ್ರ ಅಲ್ಲಲ್ಲಿ ನಿಂತು ಮುಂದುವರಿಯತೊಡಗಿದರೆ, ಎರಡು ದಾರಿಗಳಿವೆ.

ಹಳೆಯ ರೆಕಾರ್ಡಿಂಗ್ ಬೇಡವೆಂದಾದರೆ ಹೊಸ ಡಿಸ್ಕ್ ಹಾಕಿ, ರೆಕಾರ್ಡರ್ ಪೆಟ್ಟಿಗೆಯಲ್ಲಿಯೇ ಫಾರ್ಮ್ಯಾಟ್ (ಅಳಿಸಿ ಸಿದ್ಧಗೊಳಿಸುವುದು) ಮಾಡುವುದು ಸುಲಭ. ಆದರೆ ಕೆಲವು ಪೆಟ್ಟಿಗೆಗಳು ಬೇರೆ ಡಿಸ್ಕನ್ನು ಒಪ್ಪುವುದಿಲ್ಲ.

ರೆಕಾರ್ಡಿಂಗ್ ಬೇಕಿದ್ದರೆ ಇಡೀ ಡಿಸ್ಕಿನ ಸೆಕ್ಟರ್‌ವಾರು ನಕಲು ಮಾಡಬೇಕು, ಅಂದರೆ ಒಂದೊಂದು ಸಣ್ಣ ತುಣುಕನ್ನೂ ಇದ್ದ ಹಾಗೆಯೇ ಹೊಸ ಡಿಸ್ಕಿಗೆ ಇಳಿಸಬೇಕು. ಕಡತಗಳನ್ನಷ್ಟೇ ಕಂಪ್ಯೂಟರಿಗೆ ಎಳೆದುಕೊಂಡರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಏಕೆಂದರೆ ಅನೇಕ ರೆಕಾರ್ಡರ್‌ಗಳು ದೃಶ್ಯವನ್ನು ಗೂಢಲಿಪೀಕರಿಸಿ ಅದರ ಕೀಲಿಯನ್ನು ಅದೇ ಪೆಟ್ಟಿಗೆಗೆ ಕಟ್ಟಿರುತ್ತವೆ. ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಮೊದಲು ಚೆನ್ನಾಗಿರುವ ಭಾಗಗಳನ್ನು ಓದಿ, ಹಾಳಾದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಬರೆದಿಡುವ ಮ್ಯಾಪ್ ಕಡತವನ್ನು ಕೊಟ್ಟಿದ್ದರೆ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು. ಕಂಪ್ಯೂಟರಿಗೆ ಜೋಡಿಸಿದ ಹಳೆಯ ಡಿಸ್ಕನ್ನು ವಿಂಡೋಸ್ ಗುರುತಿಸಲಾರದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಖಂಡಿತ ಒಪ್ಪಬಾರದು. ಸಾಯುತ್ತಿರುವ ಡಿಸ್ಕಿನ ಮೇಲೆ ವಿಂಡೋಸಿನ ದೋಷ ಪರೀಕ್ಷಕವಾದ ಚೆಕ್‌ಡಿಸ್ಕ್ ಓಡಿಸುವುದಂತೂ ನನ್ನ ಮಟ್ಟಿಗೆ ಉಪಚಾರವಲ್ಲ, ಹಿಂಸೆ.

ಟಕ್‌ಟಕ್ ಸದ್ದು ಬರುತ್ತಿದ್ದರೆ ಮಾತ್ರ ನಕಲಿಗೂ ಕೈಹಾಕದೆ ತಕ್ಷಣ ವಿದ್ಯುತ್ ತೆಗೆಯಬೇಕು. ಓದುವ ಹೆಡ್ ಕೆಟ್ಟಿರುವ ಸಂಭವ ಹೆಚ್ಚಿರುವುದರಿಂದ ಅದನ್ನು ಧೂಳಿಲ್ಲದ ಪ್ರಯೋಗಾಲಯದಲ್ಲಿಯೇ ತೆರೆಯಬೇಕು, ಅದರ ಖರ್ಚು ಹೊಸ ರೆಕಾರ್ಡರಿನ ಬೆಲೆಯನ್ನೂ ಮೀರಬಹುದು. ಮತ್ತೆ ಪ್ರಸಾರವಾಗುವ ಧಾರಾವಾಹಿಗಳಿಗಾಗಿ ಅಷ್ಟು ಸುರಿಯುವುದಕ್ಕಿಂತ ಹೊಸ ಡಿಸ್ಕೇ ಲೇಸು.