ಮನೆಯಲ್ಲೇ ಮಾಸ್ಟರಿಂಗ್: ನಾಲ್ಕು ವರ್ಷಗಳ ಬಳಕೆಯ ನಂತರ ರೀಪರ್

2021ರ ಮಳೆಗಾಲದಲ್ಲಿ ರೀಪರ್ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡಾಗ ನನ್ನ ಉದ್ದೇಶ ಧ್ವನಿಮುದ್ರಣವಷ್ಟೇ ಆಗಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆಯಲ್ಲಿ ಹಾರ್ಮೋನಿಯಂ, ತಬಲಾ, ತಂಬೂರಿಗಳ ಜೊತೆಗೆ ವಚನ, ದಾಸರ ಪದ ಮತ್ತು ಭಾವಗೀತೆಗಳನ್ನು ಹಾಡಿಸಿ ಮುದ್ರಿಸಿಕೊಳ್ಳುತ್ತೇನೆ. ಎಲ್ಲ ದನಿಗಳನ್ನೂ ಬೆರೆಸಿಯಾದ ಹಾಡಿಗೆ ಕೊನೆಯ ತಿದ್ದುಪಡಿ ಮಾಡಿ ಬಿಡುಗಡೆಗೆ ಅಣಿಗೊಳಿಸುವ ಮಾಸ್ಟರಿಂಗ್ ಎಂದರೆ ದೊಡ್ಡ ಸ್ಟುಡಿಯೋದವರ ಕೆಲಸ ಎಂದು ಬಹುದಿನ ನಂಬಿದ್ದ ನಾನು ಈಗ ವಿತರಣಾ ಸಂಸ್ಥೆಗೆ ಸಲ್ಲಿಸುವ ಅಂತಿಮ ಕಡತವನ್ನೂ ಇದರಲ್ಲೇ ಸಿದ್ಧಪಡಿಸುತ್ತೇನೆ. ಈವರೆಗೆ ಹೀಗೆ ಹೋದ ಹಾಡುಗಳು 31. ಈ ವಿಮರ್ಶೆ ಆ ಕೊನೆಯ ಹಂತಕ್ಕೆ ಮಾತ್ರ ಸಂಬಂಧಿಸಿದ್ದು.

ಮೊದಲು ಖರ್ಚಿನ ವಿಷಯ. ಅರವತ್ತು ದಿನ ಯಾವ ಕಡಿತವೂ ಇಲ್ಲದೆ ಪರೀಕ್ಷಿಸಿ ನೋಡಬಹುದು. ಸ್ವಂತ ಬಳಕೆಯವರಿಗೆ ಮತ್ತು ಸಣ್ಣ ವರಮಾನದವರಿಗೆ ಪರವಾನಗಿಯ ಬೆಲೆ 60 ಡಾಲರ್. ನಾನು ಕೊಂಡಾಗ ನಾಲ್ಕೂವರೆ ಸಾವಿರ ರೂಪಾಯಿಯೊಳಗೇ ಮುಗಿಯಿತು. ಆರನೆಯ ಆವೃತ್ತಿಯ ಕಾಲದಲ್ಲಿ ಕೊಟ್ಟ ಹಣಕ್ಕೆ 2023ರಲ್ಲಿ ಬಂದ ಏಳನೆಯ ಆವೃತ್ತಿಯೂ ದಕ್ಕಿತು. ಸೈಬರ್ ಸೆಂಟರುಗಳಲ್ಲಿ ವಿನ್‌ಆಂಪ್ ಹಾಕಿಕೊಂಡು ಹಾಡು ಕೇಳಿದವರಿಗೆ ಒಂದು ಮಾತು ಹೇಳಬೇಕು: ಅದನ್ನು ರೂಪಿಸಿದ ಜಸ್ಟಿನ್ ಫ್ರಾಂಕೆಲ್ ಅವರೇ ರೀಪರ್‌ನ ಹಿಂದೆಯೂ ಇದ್ದಾರೆ.

ನನ್ನ ಮೊದಲ ಮಾಸ್ಟರ್ ಕೆಟ್ಟಿತು, ಅದಕ್ಕೆ ತಂತ್ರಾಂಶ ಹೊಣೆಯಲ್ಲ. ಸಿನಿಮಾ ಹಾಡುಗಳ ಪಕ್ಕದಲ್ಲಿ ನಮ್ಮ ವಚನ ಸಣ್ಣದಾಗಿ ಕೇಳಬಾರದೆಂಬ ಹಟದಿಂದ ರೀಲಿಮಿಟ್ ಎಂಬ ಲಿಮಿಟರಿನ (ಎತ್ತರದ ಪೆಟ್ಟುಗಳನ್ನು ಒತ್ತಿ ಒಟ್ಟು ಗಟ್ಟಿತನ ಏರಿಸುವ ಸಾಧನ) ಥ್ರೆಶೋಲ್ಡನ್ನು, ಅಂದರೆ ಒತ್ತುವುದು ಶುರುವಾಗುವ ಮಟ್ಟವನ್ನು, ಇಳಿಸುತ್ತಲೇ ಹೋಗಿ, ಸರಾಸರಿ ಗಟ್ಟಿತನವನ್ನು ಮೈನಸ್ 8 ಎಲ್‌ಯುಎಫ್‌ಎಸ್ (ಗಟ್ಟಿತನದ ಮಾನ; ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ) ತನಕ ಏರಿಸಿದೆ. ಮನೆಯಲ್ಲಿ ಕೇಳಿದಾಗ ಭರ್ಜರಿಯಾಗಿತ್ತು. ಹಾಡು ಸ್ಪಾಟಿಫೈಗೆ ಬಂದ ಮೇಲೆ ಕೇಳಿದರೆ ತಬಲಾ ಸತ್ತುಹೋಗಿತ್ತು. ಎಲ್ಲ ಹಾಡುಗಳನ್ನೂ ಸರಿಸುಮಾರು ಮೈನಸ್ 14ರ ಮಟ್ಟಕ್ಕೆ ತಂದು ಕೇಳಿಸುವ ಆ ವೇದಿಕೆ ನನ್ನ ಹಾಡನ್ನು ಆರು ಡೆಸಿಬಲ್ ಇಳಿಸಿತ್ತು. ಗಟ್ಟಿತನ ಹೋಯಿತು, ಅದನ್ನು ಗಳಿಸಲು ಚಪ್ಪಟೆ ಮಾಡಿದ ಪೆಟ್ಟುಗಳು ಮಾತ್ರ ಚಪ್ಪಟೆಯಾಗಿಯೇ ಉಳಿದವು. ಪಲ್ಲವಿಯ ಸಮಕ್ಕೆ ಬೀಳುವ ‘ಧಾ’ದಲ್ಲಿ ಬೆರಳು ಚರ್ಮಕ್ಕೆ ತಾಗುವ ಚಟಕ್ ಎಂಬ ಸದ್ದು ಮಾಯವಾಗಿ, ದಿಂಬಿಗೆ ಬಡಿದಂತೆ ಕೇಳಿಸುತ್ತಿತ್ತು. ನುಡಿಸಿದ ತಬಲಾದವರು ಕೇಳಿ, “ಸಾರ್, ಇದು ನನ್ನ ಕೈ ಅಲ್ಲ” ಎಂದಷ್ಟೇ ಹೇಳಿ ಸುಮ್ಮನಾದರು.

ಆ ಹಾಡನ್ನು ಮತ್ತೆ ತೆಗೆದು ಮಾಡುವಾಗಲೇ ರೀಪರ್‌ನಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಸೌಲಭ್ಯ ಪರಿಚಯವಾದದ್ದು. ಅಂತಿಮ ಕಡತವನ್ನು ತಯಾರಿಸುವ ರೆಂಡರ್ ಕಿಟಕಿಯಲ್ಲಿ ‘ಡ್ರೈ ರನ್’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಕಡತವೇನೂ ತಯಾರಾಗುವುದಿಲ್ಲ. ಆದರೆ ಇಡೀ ಹಾಡನ್ನು ಒಮ್ಮೆ ವೇಗವಾಗಿ ಓಡಿಸಿ ಅದರ ಸರಾಸರಿ ಗಟ್ಟಿತನ, ಕ್ಷಣಿಕ ಗರಿಷ್ಠ, ಏರಿಳಿತದ ವ್ಯಾಪ್ತಿ, ಶಿಖರಮಟ್ಟ ಎಲ್ಲವನ್ನೂ ಅಂಕಿಗಳಲ್ಲಿ ತೋರಿಸುತ್ತದೆ. ಐದು ನಿಮಿಷದ ಹಾಡಿಗೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಲಿಮಿಟರನ್ನು ಅರ್ಧ ಡೆಸಿಬಲ್ ಸರಿಸುವುದು, ಡ್ರೈ ರನ್ ಮಾಡುವುದು, ಅಂಕಿ ನೋಡುವುದು, ಮತ್ತೆ ಕೇಳುವುದು ನನ್ನ ರೂಢಿಯಾಗಿದೆ. ಆ ವಚನ ಕೊನೆಗೆ ಮೈನಸ್ 13.6ಕ್ಕೆ ನಿಂತಿತು, ‘ಧಾ’ ವಾಪಸು ಬಂತು.

ಅಂಕಿಗಳನ್ನು ಓದುವಾಗ ನಮ್ಮ ಸಂಗೀತದವರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಈ ಅಳತೆಗೆ ಆಧಾರವಾದ ಬಿಎಸ್ 1770 ಎಂಬ ಅಂತಾರಾಷ್ಟ್ರೀಯ ಮಾನದಂಡವು ತೀರ ಮೆಲುವಾದ ಭಾಗಗಳನ್ನು ಲೆಕ್ಕದಿಂದ ಬಿಡುತ್ತದೆ. ಹಾಡಿನ ಸರಾಸರಿಗಿಂತ ಹತ್ತು ಘಟಕಗಳಿಗೂ ಕೆಳಗಿರುವ ಭಾಗ ಅಂತಿಮ ಅಂಕಿಗೆ ಸೇರುವುದಿಲ್ಲ. ಆದ್ದರಿಂದ ಆರಂಭದಲ್ಲಿ ಬರಿಯ ತಂಬೂರಿ ಮಿಡಿಯುವ ಮುಕ್ಕಾಲು ನಿಮಿಷವು ಸಾಕಷ್ಟು ಮೆಲುವಾಗಿದ್ದರೆ ಸರಾಸರಿಯನ್ನು ತಗ್ಗಿಸುವುದಿಲ್ಲ, ಈ ಆರಂಭದಿಂದಾಗಿ ಹಾಡು ಸಣ್ಣದಾಯಿತೆಂದು ಹೆದರಿ ಅದನ್ನು ಎತ್ತಬೇಕಾಗಿಯೂ ಇಲ್ಲ. ಎತ್ತಿದರೆ ತಂಬೂರಿಯ ಜೊತೆಗೆ ಕೋಣೆಯ ಗೊರಗೊರವೂ ಮೇಲೇಳುತ್ತದೆ. ಶಿಖರಮಟ್ಟವನ್ನು ನಾನು ಮೈನಸ್ 1 ಡೆಸಿಬಲ್ಲಿಗೆ ಕಟ್ಟಿಹಾಕಿ, ರೀಲಿಮಿಟ್‌ನ ‘ಟ್ರೂ ಪೀಕ್’ (ಅಲೆಯ ನಿಜವಾದ ತುದಿಯನ್ನು ಅಳೆಯುವ) ಆಯ್ಕೆಯನ್ನು ಯಾವಾಗಲೂ ಹಾಕಿಡುತ್ತೇನೆ. ವೇದಿಕೆಗಳು ನಮ್ಮ ವೇವ್ ಕಡತವನ್ನು ಸಂಕುಚಿತ ರೂಪಕ್ಕೆ ಬದಲಿಸುವಾಗ ಅಲೆಯ ತುದಿಗಳು ತುಸು ಮೇಲೇಳುವುದರಿಂದ ಅಷ್ಟು ಜಾಗ ಬಿಡಲೇಬೇಕು.

ಎರಡನೆಯ ಮೆಚ್ಚುಗೆ ‘ಮಾನಿಟರಿಂಗ್ ಎಫ್‌ಎಕ್ಸ್’ಗೆ. ಸಣ್ಣ ಕೋಣೆಯಲ್ಲಿ ಸ್ಪೀಕರನ್ನು ನಂಬಿ ಮಂದ್ರವನ್ನು ತಿದ್ದುವುದು ಅಪಾಯ. ಹತ್ತು ಅಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್, ಹನ್ನೆರಡು ಅಡಿಯ ನಡುವೆ 47 ಹರ್ಟ್ಸ್‌ನ ಅಲೆಗಳು ನಿಂತುಬಿಡುತ್ತವೆ, ಅವುಗಳ ದುಪ್ಪಟ್ಟಿನಲ್ಲಿ, ಅಂದರೆ 94 ಮತ್ತು 112ರ ಸುಮಾರಿನಲ್ಲಿ, ಇನ್ನೊಂದು ಜೋಡಿ ನಿಲ್ಲುತ್ತದೆ. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಗುಂಕಾರ ತುಂಬಿಕೊಳ್ಳುವುದು ಅಲ್ಲೇ. ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದರೆ ಡಗ್ಗಾ ಬೇರೆಯೇ ವಾದ್ಯವಾಗಿ ಕೇಳಿಸುತ್ತದೆ. ಹಾಗಾಗಿ ಮಂದ್ರದ ತೀರ್ಮಾನವನ್ನು ಹೆಡ್‌ಫೋನಿನಲ್ಲಿ ಮಾಡುತ್ತೇನೆ, ಹೆಡ್‌ಫೋನಿನ ಸ್ವಭಾವವನ್ನು ಸಮಗೊಳಿಸುವ ಈಕ್ವಲೈಜರನ್ನು ಈ ಮಾನಿಟರಿಂಗ್ ಸಾಲಿನಲ್ಲಿ ಇಡುತ್ತೇನೆ. ಇಲ್ಲಿಟ್ಟದ್ದು ಕಿವಿಗೆ ಮಾತ್ರ, ರೆಂಡರಾದ ಕಡತಕ್ಕೆ ಇಳಿಯುವುದಿಲ್ಲ. ಇದನ್ನು ತಿಳಿಯುವ ಮೊದಲು ಅದೇ ಈಕ್ವಲೈಜರನ್ನು ಮಾಸ್ಟರ್ ಟ್ರ್ಯಾಕಿನ ಮೇಲೆ ಹಾಕಿ, ರೆಂಡರ್ ಮಾಡುವಾಗ ತೆಗೆಯಲು ಮರೆತು, ಮೂರು ಹಾಡುಗಳನ್ನು ಹಾಗೆಯೇ ಸಲ್ಲಿಸಿದ್ದೆ. ಮೂರನ್ನೂ ಹಿಂಪಡೆದು ಮತ್ತೆ ಕಳುಹಿಸಬೇಕಾಯಿತು.

ಶಿವ, ಶರಣ, ಸಂಗ ಎಂಬಂಥ ಪದಗಳು ಸಾಲುಸಾಲಾಗಿ ಬರುವ ವಚನಗಾಯನದಲ್ಲಿ ‘ಸ’ಕಾರ ‘ಶ’ಕಾರಗಳು ಲಿಮಿಟರಿನ ನಂತರ ಇನ್ನಷ್ಟು ಚುಚ್ಚುತ್ತವೆ. ಜೊತೆಗೇ ಬರುವ ರೀಎಕ್ಸ್‌ಕಾಂಪ್ ಎಂಬ ಬಹುಪಟ್ಟಿ ಕಂಪ್ರೆಸರಿನಲ್ಲಿ (ದನಿಯನ್ನು ಕಂಪನಾಂಕದ ಪಟ್ಟಿಗಳಾಗಿ ವಿಂಗಡಿಸಿ ಬೇರೆಬೇರೆಯಾಗಿ ಒತ್ತುವ ಸಾಧನ) 5ರಿಂದ 8 ಕಿಲೋಹರ್ಟ್ಸ್‌ನ ಪಟ್ಟಿಯೊಂದನ್ನೇ ಎರಡು ಮೂರು ಡೆಸಿಬಲ್ ಒತ್ತಿದರೆ ಗಾಯಕಿಯ ದನಿ ಮಂಕಾಗದೆ ಚುಚ್ಚು ಇಳಿಯುತ್ತದೆ. ಇದಕ್ಕಿಂತ ಹೆಚ್ಚು ಒತ್ತಬೇಕೆನಿಸಿದಾಗ ನಾನು ಮಾಸ್ಟರಿಂಗ್ ನಿಲ್ಲಿಸಿ ಮಿಕ್ಸಿಂಗಿಗೆ, ಅಂದರೆ ದನಿ-ವಾದ್ಯಗಳನ್ನು ಬಿಡಿಬಿಡಿಯಾಗಿ ಹೊಂದಿಸುವ ಹಂತಕ್ಕೆ, ಹಿಂದಿರುಗುತ್ತೇನೆ, ಏಕೆಂದರೆ ಈ ಹಂತದಲ್ಲಿ ದನಿಯನ್ನು ಒತ್ತಿದರೆ ತಬಲಾದ ಕಿನಾರಿನ (ಅಂಚಿನ) ನಾದವೂ ಅದರೊಡನೆ ತಗ್ಗುತ್ತದೆ.

ರೆಂಡರ್ ಕಿಟಕಿಯ ಇತರ ಆಯ್ಕೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಡತದ ಸೂಕ್ಷ್ಮತೆಯನ್ನು 24 ಬಿಟ್ಟಿನಿಂದ 16ಕ್ಕೆ ಇಳಿಸುವಾಗ, ಆಗುವ ವಿಕೃತಿಯನ್ನು ಮರೆಸಲು ತೆಳು ಸದ್ದು ಬೆರೆಸುವ ಡಿದರ್ ಆಯ್ಕೆಯನ್ನು ಗುರುತುಹಾಕಬೇಕು. 24 ಬಿಟ್ಟನ್ನೇ ಸ್ವೀಕರಿಸುವಲ್ಲಿ ಇಳಿಸುವ ಗೋಜೇ ಬೇಡ. ಹಾಡು ಮುಗಿದ ಮೇಲೂ ತುಸು ಹೊತ್ತು ರೆಂಡರ್ ಮುಂದುವರಿಸುವ ‘ಟೈಲ್’ ಎಂಬ ಆಯ್ಕೆಯನ್ನು ಮಾತ್ರ ಅಲಕ್ಷಿಸಬೇಡಿ. ಕೊನೆಯ ಷಡ್ಜದ ಅನುರಣನ ಆರುವ ಮೊದಲೇ ಕತ್ತರಿಸಿಹೋದ ಒಂದು ದಾಸರ ಪದ ಇಂದಿಗೂ ನನ್ನ ಹೆಸರಿನಲ್ಲಿ ಹಾಗೆಯೇ ಇದೆ.

ಕೊರತೆಗಳೂ ಇವೆ. ರೀಪರ್‌ನ ಸ್ವಂತ ಪ್ಲಗಿನ್ನುಗಳು (ಲಿಮಿಟರ್, ಕಂಪ್ರೆಸರಿನಂಥ ಸಾಧನಗಳು) ಬ್ಯಾಂಕಿನ ನಮೂನೆಯಂತೆ ನೀರಸವಾಗಿ ಕಾಣುತ್ತವೆ. ಮೆನುಗಳು ಎಷ್ಟಿವೆಯೆಂದರೆ ಮೊದಲ ಎರಡು ತಿಂಗಳು ಹುಡುಕುವುದರಲ್ಲೇ ಕಳೆದವು. ಒಂದೇ ಗುಂಡಿಯೊತ್ತಿ ಮಾಸ್ಟರ್ ಪಡೆಯುವ ವ್ಯವಸ್ಥೆ ಇದರಲ್ಲಿಲ್ಲ. ಅಂಥದ್ದು ಬೇಕೆಂದು ಒಂದು ಆನ್‌ಲೈನ್ ಸ್ವಯಂಚಾಲಿತ ಸೇವೆಗೆ ಎರಡು ಹಾಡು ಕೊಟ್ಟು ನೋಡಿದೆ. ತಂಬೂರಿಯನ್ನು ಅದು ಹಿನ್ನೆಲೆಯ ಗೊಣಗಾಟವೆಂದು ಭಾವಿಸಿತೋ ಏನೋ, ಒಂದು ಹಾಡಿನಲ್ಲಿ ಅದನ್ನು ಬಹುತೇಕ ಒರೆಸಿಹಾಕಿತ್ತು, ಇನ್ನೊಂದರಲ್ಲಿ ಪ್ರತಿ ತಬಲಾ ಪೆಟ್ಟಿಗೂ ತಂಬೂರಿಯ ದನಿ ಒಮ್ಮೆ ಕುಗ್ಗಿ ಹಿಗ್ಗುತ್ತಿತ್ತು. ಹಣ ಹೆಚ್ಚೇನೂ ಹೋಗಲಿಲ್ಲ.

ಹತ್ತು ಹಾಡುಗಳ ಸಂಪುಟವನ್ನು ಈಗಲೂ ಅನುಭವಿ ಎಂಜಿನಿಯರೊಬ್ಬರಿಗೇ ಕೊಡುತ್ತೇನೆ; ಹಾಡಿನಿಂದ ಹಾಡಿಗೆ ದನಿಯ ಬಣ್ಣ ಹೊಂದಿಸುವಲ್ಲಿ ನನ್ನ ಕಿವಿ ಮೂರನೆಯ ಹಾಡಿಗೇ ದಣಿಯುತ್ತದೆ. ಬಿಡಿ ಹಾಡುಗಳಿಗೆ ರೀಪರ್ ಸಾಕು. ಮಿಕ್ಸ್ ಮುಗಿಸಿ ಎರಡು ದಿನ ಬಿಟ್ಟು, ಆ ಸ್ಟೀರಿಯೋ ಕಡತವನ್ನು ಹೊಸ ಪ್ರಾಜೆಕ್ಟಿನಲ್ಲಿ ತೆರೆದು ಮಾಸ್ಟರ್ ಮಾಡುತ್ತೇನೆ. ಹಳೆಯ ಪ್ರಾಜೆಕ್ಟಿನೊಳಗೇ ಮಾಡಲು ಹೋದರೆ ಹಾರ್ಮೋನಿಯಂ ತುಸು ಎತ್ತೋಣ ಎಂಬ ಆಸೆ ಬಿಡುವುದಿಲ್ಲ. ನನ್ನ ಪರವಾನಗಿ ಏಳನೆಯ ಆವೃತ್ತಿಯ ಕೊನೆಯವರೆಗೆ ನಡೆಯುತ್ತದೆ. ಎಂಟನೆಯದು ಬಂದಾಗ ಮತ್ತೆ ಹಣ ಕಟ್ಟಬೇಕು, ಕಟ್ಟುವವನಿದ್ದೇನೆ.