ನಾಳೆ ಮಳೆ ಬರುತ್ತಾ? ಯಾರ ಮಾತು ಎಷ್ಟು ನಿಜವಾಯ್ತು

ಎರಡು ತಿಂಗಳು ದಿನಾ ರಾತ್ರಿ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆದಿಟ್ಟೆ. ನಾಳೆಗೆ ಫೋನಿನ ಆ್ಯಪ್ ಏನು ಹೇಳುತ್ತದೆ, ಹವಾಮಾನ ಇಲಾಖೆ ಏನು ಹೇಳುತ್ತದೆ, ಮೂರನೆಯದು ನನ್ನದೇ ಊಹೆ: ‘ನಾಳೆಯೂ ಇವತ್ತಿನ ಹಾಗೇ’. ಇದನ್ನು ಸುಮ್ನೆ ಸೇರಿಸಿದ್ದಲ್ಲ. ಇಷ್ಟು ಸುಲಭದ ಊಹೆಯನ್ನೂ ಸೋಲಿಸದ ಮುನ್ಸೂಚನೆ ಇದ್ದರೆಷ್ಟು, ಬಿಟ್ಟರೆಷ್ಟು, ಅಲ್ವಾ? ನಿಜ ತಿಳಿಯಲು ಬಯಲಲ್ಲಿ ಒಂದು ಮಳೆಮಾಪಕ ಇಟ್ಟೆ.

ಉಷ್ಣಾಂಶದಲ್ಲಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಆ್ಯಪ್, ಇಲಾಖೆ ಎರಡೂ ಹೆಚ್ಚಿನ ದಿನ ಒಂದೆರಡು ಡಿಗ್ರಿ ಒಳಗೇ ಇದ್ದವು.

ಮಳೆಯದು ಬೇರೆ ಕಥೆ. ಒಣ ಹವೆ ಮುಂದುವರಿದಷ್ಟು ದಿನ ನನ್ನ ಊಹೆ ಇಬ್ಬರಿಗೂ ಸರಿಸಮ ನಿಂತಿತು. ಹವೆ ತಿರುಗಿದ ದಿನ ಸೋತಿತು. ಆ ತಿರುವನ್ನು ಇಲಾಖೆ ಎರಡು ದಿನ ಮೊದಲೇ ಹೇಳಿತ್ತು, ಆ್ಯಪ್ ಹಿಂದಿನ ರಾತ್ರಿಯಷ್ಟೇ. ನಾಳೆ, ನಾಡಿದ್ದಿನ ವಿಷಯಕ್ಕೆ ನನ್ನ ಓಟು ಇಲಾಖೆಗೇ. ‘ಅಲ್ಲಲ್ಲಿ ಮಳೆ’ ಅಂದಾಗ ಮಾತ್ರ ಅಂಕ ಕೊಡುವುದು ಕಷ್ಟ. ನಮ್ಮ ಬಯಲು ಆ ‘ಅಲ್ಲಲ್ಲಿ’ಯಲ್ಲಿ ಸೇರಿದೆಯೋ ಇಲ್ಲವೋ!

ಆ್ಯಪ್ ಎಡವಿದ್ದು ಗಂಟೆಗಂಟೆಯ ಪಟ್ಟಿಯಲ್ಲಿ. ಒಂದು ಮಧ್ಯಾಹ್ನ ಎರಡೂವರೆಗೆ ನೋಡಿದರೆ ಮೂರು ಗಂಟೆಯ ಎದುರು ತುಂಬು ಸೂರ್ಯ. ಹೊರಗೆ ಮೋಡ ಕಪ್ಪಗೆ ಕಟ್ಟಿತ್ತು. ರೇಡಾರ್ ಚಿತ್ರ ತೆರೆದು ನೋಡಿದೆ. ಜೋರು ಮಳೆ ತೋರಿಸುವ ಕೆಂಪು ಮಚ್ಚೆಯೊಂದು ನಮ್ಮ ಕಡೆಗೇ ಸರಿಯುತ್ತಿತ್ತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಮೊದಲ ದಪ್ಪ ಹನಿ ಬಿತ್ತು. ಮಳೆ ನಿಂತಾಗ ಮಾಪಕದಲ್ಲಿ 18 ಮಿ.ಮೀ. ಅಂದರೆ ಚದರ ಮೀಟರಿಗೆ 18 ಲೀಟರ್ ನೀರು.

ಇದಕ್ಕೆ ಕಾರಣ ಇದೆ. ಬಹಳಷ್ಟು ಆ್ಯಪ್‌ಗಳು ಜಾಗತಿಕ ಮಾದರಿಗಳ, ಅಂದರೆ ಇಡೀ ಭೂಮಿಯ ಹವೆಯನ್ನು ಕಂಪ್ಯೂಟರಿನಲ್ಲಿ ಅಂದಾಜಿಸುವ ವ್ಯವಸ್ಥೆಗಳ, ಲೆಕ್ಕವನ್ನು ನೆಚ್ಚಿಕೊಂಡಿವೆ. ಅಮೆರಿಕದ ಜಿಎಫ್‌ಎಸ್ ಮಾದರಿ ಭೂಮಿಯನ್ನು ಸುಮಾರು 13 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಯುರೋಪಿನ ಮಾದರಿಯ ಚೌಕ ಸುಮಾರು 9 ಕಿ.ಮೀ. ಗುಡುಗು ಮೋಡ ಅದಕ್ಕಿಂತ ಚಿಕ್ಕದಿದ್ದರೆ ಬಲೆಯ ಕಣ್ಣಲ್ಲಿ ಮರಿಮೀನು ನುಸುಳಿದ ಹಾಗೆ ತಪ್ಪಿಸಿಕೊಳ್ಳುತ್ತದೆ. ರೇಡಾರ್ ಈಗ ಬೀಳುತ್ತಿರುವ ಹನಿಯನ್ನೇ ನೋಡುತ್ತದೆ. ಮುಂದಿನ ಒಂದು ಗಂಟೆಗೆ ಅದಕ್ಕೆ ಸಾಟಿಯಿಲ್ಲ. ಇನ್ನೂ ಹುಟ್ಟದ ಮೋಡ ಅದಕ್ಕೆ ಕಾಣುವುದಿಲ್ಲ, ಹಾಗಾಗಿ ಸಂಜೆಯ ಮಳೆಯನ್ನು ಬೆಳಿಗ್ಗೆಯೇ ಅದರಲ್ಲಿ ಹುಡುಕಬೇಡಿ.

ಆ್ಯಪ್‌ಗೆ ನಾನೂ ಒಂದು ಅನ್ಯಾಯ ಮಾಡಿದ್ದೆ. ಮಳೆಯ ಸಾಧ್ಯತೆ ‘ಶೇ. 30’ ಅಂದ ದಿನ ಮಳೆ ಬಂದರೆ ‘ತಪ್ಪು’ ಎಂದು ಗುರುತು ಹಾಕುತ್ತಿದ್ದೆ. ಅಂಥ ಹತ್ತು ದಿನಗಳಲ್ಲಿ ಮೂರು ದಿನ ಮಳೆ ಬಂದರೇ ಅದು ಸರಿ. ಆ ದಿನಗಳನ್ನೆಲ್ಲ ಒಟ್ಟು ಹಾಕಿ ಮತ್ತೆ ಎಣಿಸಿದೆ. ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ‘ತಪ್ಪು’ಗಳನ್ನೆಲ್ಲ ಹೊಡೆದುಹಾಕಿದೆ.